ತಂತಿಯ ಮೇಲಿನ ಮಹಾರಾಣಿ

ಆ ಬೆಳಿಗ್ಗೆ ಒಗೆದ ಬಟ್ಟೆಗಳನ್ನು ತಂತಿಗೆ ಹರವಿ ಒಳಗೆ ಬಂದು, ಗುಂಡನಿಗೆ ಹಾಲು ಕುಡಿಸುತ್ತ ಕಿಟಕಿಯ ಹತ್ತಿರ ಕೂತಿದ್ದೆ. ಗುಂಡ ನನ್ನ ಎರಡನೆಯವನು, ಆಗಿನ್ನೂ ಹಲ್ಲು ಬಂದಿರಲಿಲ್ಲ. ಕಾಂಪೌಂಡಿನ ಆಚೆ ಒಬ್ಬ ಹೆಂಗಸು ನಿಂತು ನಮ್ಮ ತಂತಿಯನ್ನೇ ನೋಡುತ್ತಿದ್ದರು. ದಾರಿಯಲ್ಲಿ ಹೋಗುವವರು ಸುಮ್ಮನೆ ಕಣ್ಣು ಹಾಯಿಸಿದ ಹಾಗಲ್ಲ, ಅಂಗಡಿಯಲ್ಲಿ ಬಟ್ಟೆ ಆರಿಸುವವರ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ನನ್ನ ಮಗಳು ಪುಟ್ಟಿಯ ಹಸಿರು ಫ್ರಾಕಿನ ಹತ್ತಿರ ಬಂದಾಗ ಕತ್ತು ಓರೆ ಮಾಡಿ ನಿಂತೇಬಿಟ್ಟರು. ಬಟ್ಟೆ ಕದಿಯುವವರು ಹಾಡುಹಗಲಲ್ಲಿ, ಅದೂ ಕೊಡೆ ಹಿಡಿದುಕೊಂಡು, ಕಾಲ್ಚೀಲ ಹಾಕಿಕೊಂಡು ಬರುತ್ತಾರೆಯೇ ಎಂದು ಯೋಚಿಸುತ್ತಲೇ ಬಾಗಿಲು ತೆರೆದೆ.

"ಏನು ಬೇಕಿತ್ತು?"

"ನಿಮ್ಮ ಮಗಳಿಗೆ ಐದು ತುಂಬಿ ಆರು ನಡೀತಿದೆ, ಅಲ್ವಾ?" ಎಂದರು, ನಾವು ಹಳೆಯ ಪರಿಚಯದವರೇನೋ ಎಂಬಂತೆ.

"ನಿಮಗೆ ಹೇಗೆ ಗೊತ್ತು?"

"ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿದೀರಿ. ಹಳೇ ಮಡಿಕೆ ಗೆರೆ ಇನ್ನೂ ಕಾಣ್ತಿದೆ. ಎರಡು ಸಲ ಬಿಚ್ಚಿದ ಅಂಚು ಅಂದ್ರೆ ಐದು ಮುಗಿದಿದೆ ಅಂತ ಅರ್ಥ." ಆಮೇಲೆ ತಂತಿಯ ತುದಿಯಲ್ಲಿದ್ದ ಗುಂಡನ ಅಂಗಿಗಳ ಕಡೆ ಕೊಡೆ ತೋರಿಸಿದರು. "ಅವನಿಗೆ ಅವಸರ ಇಲ್ಲ. ಅವನನ್ನ ಆಮೇಲೆ ನೋಡ್ಕೋತೀನಿ."

ನಾವು ಈ ಊರಿಗೆ ಬಂದು ಆಗ ಕೆಲವೇ ತಿಂಗಳಾಗಿತ್ತು. ನಮ್ಮವರಿಗೆ ಊರಿನ ನೀರಿನ ಟ್ಯಾಂಕಿನ ಪಂಪ್‌ಹೌಸಿನಲ್ಲಿ ಕೆಲಸ. ನನಗೆ ಹಾಲಿನವನು, ಔಷಧಿ ಅಂಗಡಿಯವರು, ಪಕ್ಕದ ಮನೆಯವರು ಬಿಟ್ಟರೆ ಬೇರೆ ಯಾರ ಗುರುತೂ ಇರಲಿಲ್ಲ. ಕೊಡೆಯ ಹೆಂಗಸು ಹೋದ ಮೇಲೆ ಪಕ್ಕದ ಮನೆಯವರನ್ನು ಕೇಳಿದೆ. "ಅಯ್ಯೋ, ಅವರು ದಾಖಲಾತಿ ಅಕ್ಕ ಕಣ್ರೀ!" ಎಂದು ನಕ್ಕರು. ಸರ್ಕಾರಿ ಪ್ರಾಥಮಿಕ ಶಾಲೆಯ ಗುಮಾಸ್ತೆ. ಪ್ರತಿ ಬೇಸಿಗೆಗೂ ಊರಿನ ತಂತಿಗಳನ್ನು ಹೀಗೆ ಓದಿಕೊಂಡು ಬಂದು, ಒಂದನೇ ತರಗತಿಗೆ ಯಾವ ಯಾವ ಮನೆಯಿಂದ ಮಕ್ಕಳು ಬರಬೇಕು ಎಂದು ಲೆಕ್ಕ ಹಾಕುವವರು. ಅವರ ನಿಜವಾದ ಹೆಸರು ಪಕ್ಕದ ಮನೆಯವರಿಗೂ ನೆನಪಾಗಲಿಲ್ಲ.

ಪುಟ್ಟಿಯನ್ನು ಸೇರಿಸಲು ಶಾಲೆಗೆ ಹೋದಾಗ ಈ ಓಡಾಟದ ಹಿಂದಿನ ಕಾರಣ ತಿಳಿಯಿತು. ಆಫೀಸು ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು, ಅಂಗಳಕ್ಕೆ ತೆರೆದ ಒಂದು ಕಿಟಕಿ. ಊಟದ ಬಿಡುವು. ಮಕ್ಕಳು ಕೈ ತೊಳೆಯಲು ನಲ್ಲಿಗಳ ಮುಂದೆ ತರಗತಿವಾರು ಸಾಲಾಗಿ ನಿಂತಿದ್ದರು. ಒಂದು ಸಾಲು ಗೇಟಿನವರೆಗೆ ಹೋಗಿತ್ತು, ಇನ್ನೊಂದು ನಲ್ಲಿ ಬಿಟ್ಟು ನಾಲ್ಕು ಹೆಜ್ಜೆಗೇ ಮುಗಿದಿತ್ತು.

"ಆ ಸಾಲು ಯಾಕೆ ಅಷ್ಟು ಚಿಕ್ಕದು?" ಎಂದೆ. ನನಗೆ ಕಂಡದ್ದನ್ನೆಲ್ಲ ಕೇಳುವ ಚಟ. ನಮ್ಮವರ ಪ್ರಕಾರ ಅದು ಕಾಯಿಲೆ.

ದಾಖಲಾತಿ ಅಕ್ಕನ ಮುಖ ಅರಳಿತು. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡರು.

"ಆ ಗೇಟಿನ ತನಕ ಇದೆಯಲ್ಲ, ಅದು ಐದನೇದು. ಅವರು ಹುಟ್ಟಿದಾಗ ನೂಲಿನ ಗಿರಣಿ ಹಗಲೂ ರಾತ್ರಿ ನಡೀತಿತ್ತು. ಕೈತುಂಬ ಕೆಲಸ, ಮನೆತುಂಬ ಮಕ್ಕಳು. ಅದರ ಪಕ್ಕದಲ್ಲಿ ನಾಲ್ಕನೇದು. ಅದರಲ್ಲಿ ಅರ್ಧ ಸೇತುವೆ ಮಕ್ಕಳು."

"ಸೇತುವೆ ಮಕ್ಕಳು ಅಂದ್ರೆ?"

"ಹೊಳೆಗೆ ಸೇತುವೆ ಕಟ್ಟೋಕೆ ಅಂತ ಎಲ್ಲೆಲ್ಲಿಂದಲೋ ಜನ ಬಂದ್ರು. ಸೇತುವೆ ಮುಗೀತು, ಅವರು ಹೋಗ್ಲಿಲ್ಲ. ಆ ತರಗತೀಲಿ ಒಬ್ಬೊಬ್ಬರ ಮನೇಲಿ ಒಂದೊಂದು ಭಾಷೆ. 'ನಿನ್ನ ಹೆಸರೇನು ಮರಿ' ಅಂತ ಅಷ್ಟೂ ಭಾಷೆಯಲ್ಲಿ ಕೇಳೋಕೆ ಕಲ್ತಿದೀನಿ. ಅವರು ಉತ್ತರ ಹೇಳಿದ್ರೆ ಮಾತ್ರ ತಿಳಿಯಲ್ಲ." ಅವರೇ ನಕ್ಕರು. "ಮೂರನೇದರಲ್ಲಿ ಹುಡುಗಿಯರೇ ಜಾಸ್ತಿ. ಯಾಕೆ ಅಂತ ನಾನೂ ತಲೆ ಕೆಡಿಸಿಕೊಂಡೆ, ಗೊತ್ತಾಗ್ಲಿಲ್ಲ. ಕೆಲವು ಸಲ ಹಾಗೇ. ನೀವು ಕೇಳಿದ ಚಿಕ್ಕ ಸಾಲು ಒಂದನೇದು. ಅದು ಗಿರಣಿ ಬಾಗಿಲು ಹಾಕಿದ ವರ್ಷದ್ದು."

"ಹಾಗಾದ್ರೆ ನಮ್ಮ ಪುಟ್ಟಿ ಜೊತೆ ಸೇರೋರು?"

"ಅದರ ಮುಂದಿನ ವರ್ಷದವರು. ಆಗ ಊರಲ್ಲಿ ಮದುವೆಯಾದ ಹೊಸ ಜೋಡಿಗಳೆಲ್ಲ ಕೆಲಸ ಹುಡುಕ್ಕೊಂಡು ಬೇರೆ ಕಡೆ ಹೊರಟುಹೋದ್ರು. ತೊಟ್ಟಿಲು ತೂಗೋರೇ ಇರಲಿಲ್ಲ." "ಒಂದನೇದು ತೆಗೀಬೇಕು ಅಂದ್ರೆ ಹತ್ತು ಮಕ್ಕಳು ಬೇಕಂತೆ. ಶಿಕ್ಷಣ ಕಚೇರಿಯ ಅಪ್ಪಣೆ. ಇಲ್ಲದಿದ್ರೆ ರಜೆ ಮುಗಿದು ಶಾಲೆ ತೆರೆದಾಗ ಒಂದನೇ ತರಗತಿ ಇರಲ್ಲ. ಇರೋ ಮಕ್ಕಳೆಲ್ಲ ಬಸ್ಸು ಹತ್ತಿ ಪಕ್ಕದೂರಿನ ಶಾಲೆಗೆ ಹೋಗಬೇಕು."

ಬಸ್ಸು! ನಮ್ಮ ಪುಟ್ಟಿಗೆ ಬಸ್ಸಿನ ವಾಸನೆ ಬಂದರೇ ಸಾಕು, ಮುಖ ಬಿಳಿಚಿಕೊಳ್ಳುತ್ತದೆ. ಈ ಊರಿಗೆ ಬರುವಾಗ ದಾರಿಯುದ್ದಕ್ಕೂ ಅವರಪ್ಪನ ತೊಡೆಯ ಮೇಲೆ ವಾಂತಿ ಮಾಡಿಕೊಂಡು ಬಂದವಳು ಅವಳು. ಅವಳನ್ನು ಬೆಳಿಗ್ಗೆ ಸಂಜೆ, ವರ್ಷವಿಡೀ, ನಾನಿಲ್ಲದೆ ಬಸ್ಸಿನಲ್ಲಿ ಕೂರಿಸುವುದೆಂದರೆ?

"ನಿಮಗೆ ಬಸ್ಸಿನ ಚಿಂತೆ," ಎಂದರು ಅಕ್ಕ, ನಾನು ಬಾಯಿ ಬಿಡದಿದ್ದರೂ. "ನನಗೆ ತೂತಿನ ಚಿಂತೆ. ಈ ವರ್ಷ ಒಂದನೇದು ಇಲ್ಲ ಅಂದ್ರೆ ಬರೋ ವರ್ಷ ಎರಡನೇದು ಇರಲ್ಲ, ಅದರ ಮುಂದಿನ ವರ್ಷ ಮೂರನೇದು. ಬಿದ್ದ ಹಲ್ಲಾದ್ರೂ ಮತ್ತೆ ಬರುತ್ತೆ. ಈ ತೂತು ವರ್ಷಕ್ಕೊಂದು ಮೆಟ್ಟಿಲು ಹತ್ತುತ್ತಾ ಹೋಗುತ್ತೆ. ನಾನೇ ಅಂಥ ತೂತಲ್ಲಿ ಬಿದ್ದವಳು."

ಅವರೂ ಇದೇ ಶಾಲೆಯಲ್ಲಿ ಓದಿದವರಂತೆ. ಅವರು ಸೇರಬೇಕಿದ್ದ ವರ್ಷ ಮಕ್ಕಳು ಸಾಲದೆ ಒಂದನೇ ತರಗತಿ ತೆಗೆಯಲೇ ಇಲ್ಲ. ಮನೆಯವರು ಬೇರೆ ಊರಿಗೆ ಕಳಿಸಲಿಲ್ಲ. ಕೊನೆಗೆ ಟೀಚರೊಬ್ಬರು ಕನಿಕರಪಟ್ಟು ಎರಡನೆಯದರ ಕೊನೇ ಬೆಂಚಿನಲ್ಲಿ ಕೂರಿಸಿಕೊಂಡರು. ಮರುವರ್ಷ ಒಂದನೆಯದು ತೆರೆದಾಗ ಮತ್ತೆ ಕೆಳಗೆ ಇಳಿಸಿದರು.

"ಅದಕ್ಕೇ ನೋಡಿ, ನಾನು ಕಳೆಯೋದು ಮೊದಲು ಕಲಿತೆ, ಕೂಡೋದು ಆಮೇಲೆ. ಈಗಲೂ ಯಾರಾದ್ರೂ ಲೆಕ್ಕ ಕೇಳಿದ್ರೆ ಮೊದಲು ಎಷ್ಟು ಕಮ್ಮಿ ಇದೆ ಅಂತಲೇ ಬಾಯಿಗೆ ಬರುತ್ತೆ."

"ಈಗ ಎಷ್ಟು ಕಮ್ಮಿ ಇದೆ?"

"ನಿಮ್ಮ ಪುಟ್ಟಿ ಸೇರಿದ ಮೇಲೆ, ನಾಲ್ಕು."

ಆ ಬೇಸಿಗೆಯಲ್ಲಿ ನಾನು ಗುಂಡನನ್ನು ಕಂಕುಳಲ್ಲಿ ಎತ್ತಿಕೊಂಡು, ಪುಟ್ಟಿಯ ಕೈ ಹಿಡಿದುಕೊಂಡು ಅಕ್ಕನ ಜೊತೆ ಊರು ಸುತ್ತಿದೆ. ಬಸ್ಸಿನ ಭಯ ಇದ್ದದ್ದು ನಿಜ. ಆದರೆ ಬರೀ ಭಯವಾಗಿದ್ದರೆ ಎರಡು ದಿನ ಹೋಗಿ ಸುಮ್ಮನಾಗುತ್ತಿದ್ದೆನೋ ಏನೋ. ಬಟ್ಟೆ ಒಗೆದು ಒಗೆದು ಬೆರಳು ಸುಕ್ಕಾದವಳು ನಾನು. ತಂತಿಯಲ್ಲಿ ಇಷ್ಟೆಲ್ಲ ಬರೆದಿರುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಸಾಲಾಗಿ ನೇತಾಡುವ ಚೌಕದ ಬಿಳಿ ಬಟ್ಟೆ ಎಂದರೆ ಹಸುಗೂಸು. ಮೊಣಕಾಲಿಗೆ ತೇಪೆ ಹಾಕಿದ ಚಡ್ಡಿ ಎಂದರೆ ಅಂಬೆಗಾಲು ದಾಟಿ ಓಡಲು ಕಲಿತವನು. ಅಣ್ಣನ ಹಳೇ ಅಂಗಿಯ ತೋಳು ಮಡಿಸಿ ಹೊಲಿದಿದ್ದರೆ ಮನೆಯಲ್ಲಿ ತಮ್ಮನಿದ್ದಾನೆ. ಸಂಜೆ ಮನೆಗೆ ಬಂದು ಇದನ್ನೆಲ್ಲ ದಿನಚರಿಯಲ್ಲಿ ಗೀಚಿಡುತ್ತಿದ್ದೆ.

"ಇವತ್ತು ಯಾರ ಮನೆ ಬನಿಯನ್ನು ನೋಡಿ ಬಂದ್ರಿ?" ಎಂದು ನಮ್ಮವರು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು.

"ನಿಮ್ಮ ಬನಿಯನ್ನಿನ ತೂತು ನೋಡಿ ಅಕ್ಕ ಏನಂದ್ರು ಗೊತ್ತಾ? 'ಈ ಮನೆ ಯಜಮಾನರಿಗೆ ಆಸೆ ಕಮ್ಮಿ' ಅಂತ," ಎಂದೆ ಒಂದು ದಿನ. ಮರುದಿನವೇ ಹೋಗಿ ಹೊಸ ಬನಿಯನ್ನು ತಂದರು.

ಬೇಕರಿಯ ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗ ಸಿಕ್ಕ. ಚಿಕ್ಕಮ್ಮನ ಮನೆಗೆ ರಜೆಗೆ ಬಂದವನು ಇಲ್ಲೇ ಉಳಿಯುವ ಹಾಗಾಗಿತ್ತು. ಅಂಚೆ ಕಚೇರಿಯ ಮೇಲಿನ ಮಹಡಿಗೆ ಹೊಸದಾಗಿ ಬಂದ ನರ್ಸಮ್ಮನ ಅವಳಿ ಮಕ್ಕಳು ಸಿಕ್ಕರು. ಅಲ್ಲಿಗೆ ಒಂಬತ್ತಾಯಿತು. ಹತ್ತನೆಯದು ಮಹಾರಾಣಿ.

ಗಿರಣಿಯ ಹಳೆಯ ಕ್ವಾರ್ಟರ್ಸಿನ ಕೊನೆಯ ಮನೆ. ಬಾಗಿಲಿಗೆ ಯಾವಾಗ ಹೋದರೂ ಬೀಗ, ಆದರೆ ತಾರಸಿಯ ಮೇಲಿನ ತಂತಿಯಲ್ಲಿ ಮಾತ್ರ ಪುಟ್ಟ ಪುಟ್ಟ ಫ್ರಾಕುಗಳು. ಎಲ್ಲವೂ ಪುಟ್ಟಿಯ ಅಳತೆಯವೇ. ಒಂದು ದಿನ ಕಂಡದ್ದು ಇನ್ನೊಂದು ದಿನ ಕಾಣುತ್ತಿರಲಿಲ್ಲ. ಒಂದು ದಿನ ನೀಲಿ, ಒಂದು ದಿನ ಚುಕ್ಕಿಯದು, ಒಂದು ದಿನ ಹಳದಿ. ಆ ಹಳದಿ ಫ್ರಾಕಿನ ಜೇಬು ಕಿತ್ತುಹೋಗಿತ್ತು. ಜೇಬಿದ್ದ ಕಡೆ ಬಣ್ಣ ಮಾಸದೆ ಒಂದು ಚೌಕ ಎದ್ದು ಕಾಣುತ್ತಿತ್ತು.

"ಒಬ್ಬಳೇ ಮಗಳು. ಅಪ್ಪ ಅಮ್ಮ ಇಬ್ಬರೂ ದುಡಿಯೋರು. ಮುದ್ದು ಅತಿ," ಎಂದು ಅಕ್ಕ ತೀರ್ಪು ಕೊಟ್ಟರು. "ದಿನಕ್ಕೊಂದು ಫ್ರಾಕು ಹಾಕೋ ಮಹಾರಾಣಿ." ಅವತ್ತಿನಿಂದ ಅವಳಿಗೆ ಅದೇ ಹೆಸರು. ಪುಟ್ಟಿಯಂತೂ ಮಹಾರಾಣಿಯ ಪಕ್ಕದಲ್ಲೇ ಕೂರುತ್ತೇನೆಂದು ಆಗಲೇ ಜಾಗ ಹಿಡಿದಾಗಿತ್ತು.

ನನಗೆ ಒಂದು ಅನುಮಾನ ಕೊರೆಯುತ್ತಿತ್ತು. "ಅಕ್ಕಾ, ಇಷ್ಟು ಫ್ರಾಕು ಇರೋ ಹುಡುಗಿಗೆ ಒಂದು ಒಳಚಡ್ಡಿನಾದ್ರೂ ಬೇಡವಾ? ಒಂದು ಕಾಲ್ಚೀಲ? ತಂತಿ ಮೇಲೆ ಒಂದು ದಿನಾನೂ ಕಾಣ್ಲಿಲ್ಲ."

"ಒಳಗಡೆ ಒಣಗಿಸ್ತಾರೆ. ಮರ್ಯಾದಸ್ಥರು."

"ಅಪ್ಪನ ಅಂಗಿ?"

"ಅವನ ಬಟ್ಟೆ ಅವನೇ ಒಗೀಲಿ ಅಂತ ಬಿಟ್ಟಿರಬಹುದು. ಒಳ್ಳೇದೇ ಆಯ್ತು."

ಅಕ್ಕ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗಿ "ಹತ್ತು ಆಯ್ತು ಮೇಡಂ" ಎಂದುಬಿಟ್ಟರು. ಮೇಡಂ ಅದನ್ನು ಶಿಕ್ಷಣ ಕಚೇರಿಗೆ ತಿಳಿಸಿದರು. ಕಚೇರಿಯವರು, ಸಂತೋಷ, ಶಾಲೆ ತೆರೆಯುವ ದಿನ ನಾವೇ ಬಂದು ಬೆಂಚಿನ ಮೇಲಿರುವ ತಲೆ ಎಣಿಸುತ್ತೇವೆ, ಕಾಗದದ ಮೇಲಿನದ್ದಲ್ಲ ಎಂದರು.

ಶಾಲೆ ತೆರೆಯುವ ಹಿಂದಿನ ದಿನ ಸಂಜೆ ಕ್ವಾರ್ಟರ್ಸಿಗೆ ಮತ್ತೆ ಹೋದೆವು. ಬೀಗ ಇರಲಿಲ್ಲ. ಬಾಗಿಲು ತೆರೆದವರು ಎತ್ತರದ, ದೊಡ್ಡ ಗಂಟಲಿನ ಹೆಂಗಸು. ಸೊಂಟಕ್ಕೆ ಒದ್ದೆ ಟವೆಲು ಸಿಕ್ಕಿಸಿಕೊಂಡಿದ್ದರು.

"ಶಾಲೆಯಿಂದ ಬಂದಿದೀವಿ ತಾಯಿ. ನಿಮ್ಮ ಮಗಳನ್ನ ಸ್ವಲ್ಪ ಕರೀತೀರಾ?" ಎಂದರು ಅಕ್ಕ.

"ಯಾವ ಮಗಳು? ನನಗಿರೋನು ಒಬ್ಬ ಮಗ. ಲಾರಿ ಓಡಿಸ್ತಾನೆ."

"ಮತ್ತೆ ಆ ಫ್ರಾಕುಗಳು…"

ಆಕೆ ತಾರಸಿಯ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು, ಆಮೇಲೆ ಗೋಡೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಮೀಸೆ ಬಂದಿದೆ ಕಣಕ್ಕಾ ಅವನಿಗೆ! ಫ್ರಾಕು ಹಾಕಿದ್ರೆ ಚೆನ್ನಾಗಿರಲ್ಲ!"

ಆಕೆಯದು ಹಳೇ ಬಟ್ಟೆಯ ವ್ಯಾಪಾರ. ದೊಡ್ಡ ಊರಿನ ಮನೆಗಳಲ್ಲಿ ಹಳತಾದ ಬಟ್ಟೆ ಕೊಂಡು ತಂದು, ಒಗೆದು, ಇಸ್ತ್ರಿ ಹಾಕಿ, ಸುತ್ತಲಿನ ಊರುಗಳ ಸಂತೆಯಲ್ಲಿ ಮಾರುತ್ತಾರೆ. ಈ ಸಲ ಒಂದು ಮನೆಯಲ್ಲಿ ಒಂದೇ ಹುಡುಗಿಯ ಬಟ್ಟೆ ಟ್ರಂಕು ತುಂಬ ಸಿಕ್ಕಿತ್ತಂತೆ, ಎಲ್ಲ ಒಂದೇ ಅಳತೆ. ದಿನಕ್ಕೆ ಒಂದಿಷ್ಟು ಒಗೆದು ಹಾಕುತ್ತಿದ್ದರು. "ಆ ಹುಡುಗಿ ಈಗ ಕಾಲೇಜಿಗೆ ಹೋಗ್ತಾಳೆ ಅಂತಿದ್ರು ಆ ಮನೆಯವರು," ಎಂದರು.

ಅಂದರೆ ಮಹಾರಾಣಿ ಇದ್ದದ್ದು ನಿಜ, ದಿನಕ್ಕೊಂದು ಫ್ರಾಕು ಹಾಕಿದ್ದೂ ನಿಜ. ಊರು ಬೇರೆ, ಕಾಲವೂ ಬೇರೆ.

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. ಕೊಡೆಯ ತುದಿಯಿಂದ ನೆಲದ ಮೇಲೆ ಏನನ್ನೋ ಗೀಚುತ್ತಿದ್ದರು. "ಹತ್ತು ಅಂತ ಹೇಳಿಬಿಟ್ಟೆನಲ್ಲಮ್ಮ," ಎಂದರು ಕೊನೆಗೆ. "ನಾಳೆ ಬಂದು ಎಣಿಸ್ತಾರೆ."

"ಮಹಾರಾಣಿ ಇಲ್ವಾ ಅಮ್ಮಾ?" ಎಂದಳು ಪುಟ್ಟಿ. ನನ್ನ ಕಣ್ಣ ಮುಂದೆ ಬಸ್ಸಿನ ಹಿಂದಿನ ಸೀಟು, ಬಿಳಿಚಿದ ಪುಟ್ಟ ಮುಖ.

ಏನಾದರೂ ಮಾತಾಡಬೇಕಲ್ಲ ಎಂದು, ಸತ್ಯ ಹೇಳಬೇಕೆಂದರೆ ಬಂದದ್ದಕ್ಕೆ ಪುಟ್ಟಿಗೊಂದು ಫ್ರಾಕಾದರೂ ಆಗಲಿ ಎಂದು, ಕೇಳಿದೆ. "ಆ ಹಳದಿದು ಇದೆಯಾ? ಜೇಬು ಕಿತ್ತಿರೋದು? ಜೇಬು ನಾನೇ ಹೊಲ್ಕೋತೀನಿ."

"ಅದು ಹೋಯ್ತು ಕಣಮ್ಮ. ಹೆದ್ದಾರಿ ಪಕ್ಕದ ಸಸಿ ತೋಟ ಇಲ್ವಾ, ಅಲ್ಲಿ ಕೆಲಸ ಮಾಡೋನು ತಗೊಂಡ. ಒಳ್ಳೇ ತಮಾಷೆ ಮನುಷ್ಯ. ಮಗಳನ್ನ ಕರ್ಕೊಂಡು ಬರೋಕೆ ಆಗಲ್ಲ ಅಂತ, ಸಸಿ ಕಟ್ಟೋ ದಾರದಲ್ಲಿ ಅಳತೆ ತಂದಿದ್ದ. ಭುಜಕ್ಕೊಂದು ಗಂಟು, ಮಂಡಿಗೊಂದು ಗಂಟು."

ನೆಲ ಗೀಚುತ್ತಿದ್ದ ಕೊಡೆ ನಿಂತಿತು.

"ಆ ದಾರ ಎಷ್ಟುದ್ದ ಇತ್ತು?" ಎಂದರು ಅಕ್ಕ.

ಆಕೆ ಪುಟ್ಟಿಯ ಭುಜದ ಮೇಲೆ ಒಂದು ಕೈ ಇಟ್ಟು, ಮಂಡಿಯ ಹತ್ತಿರ ಇನ್ನೊಂದು ಕೈ ಇಟ್ಟರು. ಅಕ್ಕ ಆಗಲೇ ಗೇಟು ದಾಟಿದ್ದರು. ಮಗುವನ್ನೆತ್ತಿಕೊಂಡು ನಾನು ಹಿಂದಿನಿಂದ ಓಡಬೇಕಾಯಿತು.

ಸಸಿ ತೋಟದ ಮುಂದೆ ಅಕ್ಕ ಅದೆಷ್ಟು ಸಲ ಹಾದುಹೋಗಿದ್ದರೋ. ಅಲ್ಲಿ ತಂತಿಯೇ ಇಲ್ಲ, ಆದ್ದರಿಂದ ಅವರ ಲೆಕ್ಕದಲ್ಲಿ ಅಲ್ಲಿ ಮನೆಯೂ ಇರಲಿಲ್ಲ. ಲಾರಿಗಳ ಧೂಳಿಗೆ ಹೆದರಿ ಅಲ್ಲಿನವರು ಬಟ್ಟೆಯನ್ನು, ಸಸಿಗಳಿಗೆ ಬಿಸಿಲು ತಾಗದಂತೆ ಕಟ್ಟಿದ ಹಸಿರು ನೆರಳುಬಲೆಯ ಒಳಗೆ, ತೂಗುವ ಕುಂಡಗಳ ಸಾಲಿನಲ್ಲಿ ಒಣಹಾಕುತ್ತಿದ್ದರು. ಒಂದು ಕುಂಡ, ಒಂದು ಅಂಗಿ, ಮತ್ತೊಂದು ಕುಂಡ. ಅದರ ಮಧ್ಯೆ ಎರಡು ಪುಟ್ಟ ಒಳಚಡ್ಡಿಗಳು. ನಾನು ಅಕ್ಕನ ಮೊಣಕೈ ತಿವಿದು ತೋರಿಸಿದೆ.

ಗಂಡ ಚೀಲಕ್ಕೆ ಮಣ್ಣು ತುಂಬುತ್ತಿದ್ದ, ಹೆಂಡತಿ ಪೈಪು ಹಿಡಿದು ನೀರು ಹಾಕುತ್ತಿದ್ದಳು. ಇಬ್ಬರೂ ಬೇರೆ ಸೀಮೆಯವರು. ನಮ್ಮ ಮಾತು ಬರುತ್ತಿತ್ತು, ಆದರೆ ಅಳೆದು ಸುರಿದು ಆಡುತ್ತಿದ್ದರು. ಕುಂಡಗಳ ಹಿಂದಿನಿಂದ ಒಂದು ಹುಡುಗಿ ಇಣುಕಿದಳು. ಅಕ್ಕ ಬಗ್ಗಿ, ತಮಗೆ ಗೊತ್ತಿದ್ದ ಭಾಷೆಗಳಲ್ಲೆಲ್ಲ ಒಂದಾದ ಮೇಲೊಂದರಂತೆ "ನಿನ್ನ ಹೆಸರೇನು ಮರಿ" ಎಂದು ಕೇಳಿದರು. ಯಾವುದೋ ಒಂದಕ್ಕೆ ಆ ಹುಡುಗಿ ಕಿಸಕ್ಕನೆ ನಕ್ಕಳು. ಮುಂದಿನ ಎರಡು ಹಲ್ಲೂ ಇರಲಿಲ್ಲ.

"ಎರಡೂ ಬಿದ್ದಿದೆ!" ಎಂದಳು ಪುಟ್ಟಿ ಹೊಟ್ಟೆಕಿಚ್ಚಿನಿಂದ. ಅವಳದು ಇನ್ನೂ ಒಂದೇ ಅಲುಗಾಡುತ್ತಿತ್ತು. ಇಬ್ಬರೂ ಹಲ್ಲು ತೋರಿಸಿಕೊಳ್ಳಲು ಪೊದೆಯ ಹಿಂದೆ ಹೋದರು.

"ಆರು ವರ್ಷ ಅಲ್ವಾ?" ಎಂದು ಅಕ್ಕ ಕೇಳಿದರು.

"ಏಳು," ಎಂದ ಅಪ್ಪ. "ಆಳು ಸಣ್ಣ."

"ಅಳತೆ ಸರಿ, ವಯಸ್ಸು ತಪ್ಪು," ಎಂದು ಅಕ್ಕ ತಮಗೆ ತಾವೇ ಗೊಣಗಿಕೊಂಡರು. ಅವಳು ಯಾವ ಶಾಲೆಯ ಮುಖವನ್ನೂ ನೋಡಿರಲಿಲ್ಲ. ಹಿಂದಿನ ಊರಿನಲ್ಲಿ ಸೇರಿಸೋಣ ಎನ್ನುವಷ್ಟರಲ್ಲಿ ಅಲ್ಲಿಂದ ಹೊರಡಬೇಕಾಯಿತಂತೆ. ಹಾಗಾದರೆ ಒಂದನೆಯದಕ್ಕೇ ಸೇರಬೇಕು, ತೊಂದರೆಯಿಲ್ಲ ಎಂದು ಅಕ್ಕ ಪುಟಿದೆದ್ದರು. ಶಾಲೆ, ಪುಸ್ತಕ, ಊಟ, ಟೀಚರ್ ಎಂದು ಒಂದೇ ಉಸಿರಿಗೆ ಹೇಳಿದರು.

ಹೆಂಡತಿ ಪೈಪು ಕೆಳಗಿಡಲಿಲ್ಲ. "ಈ ತೋಟದ ಮಾಲೀಕರು ಯಾವಾಗ ಹೊರಡಿ ಅಂತಾರೋ ಗೊತ್ತಿಲ್ಲ. ಸೇರಿಸಿ ಬಿಡಿಸಿದ್ರೆ ಮಗುಗೆ ಸಂಕಟ."

"ನೀವು ಸಸಿನ ಇಲ್ಲಿಂದ ಕಿತ್ತು ಅಲ್ಲಿ ನೆಡಲ್ವಾ? ಹಾಗೇನೇ!" ಎಂದರು ಅಕ್ಕ, ಗೆದ್ದೆನೆಂದುಕೊಂಡು.

"ಪದೇ ಪದೇ ಕಿತ್ತು ನೆಟ್ಟ ಸಸಿ ಒಣಗುತ್ತೆ," ಎಂದಳು ಆಕೆ ಮೆಲ್ಲಗೆ.

ಗಿಡದ ವಿಷಯದಲ್ಲಿ ಅಕ್ಕನಿಗೆ ಏನೇನೂ ಗೊತ್ತಿಲ್ಲ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಒಂದು ಲಾರಿ ಭೋರೆಂದು ಹೋಯಿತು. ಆಕೆಯ ಕಣ್ಣು ಥಟ್ಟನೆ ಪೊದೆಯ ಕಡೆ ಹೋಗಿ, ಮಕ್ಕಳು ಅಲ್ಲೇ ಇದ್ದಾರೆಂದು ನೋಡಿ ಹಿಂದಕ್ಕೆ ಬಂತು. ನಾನೂ ಹಾಗೇ ನೋಡಿದ್ದೆ. ನಮ್ಮಿಬ್ಬರ ಕಣ್ಣು ಸೇರಿತು.

"ಬೆಳಿಗ್ಗೆ ನೀರು ಹಾಕೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದೆ.

"ಬಿಸಿಲು ಏರೋ ತನಕ. ಇಬ್ಬರೂ ಇರಲೇಬೇಕು."

"ಈ ರಸ್ತೆ ದಾಟಿಸೋಕೆ ಬೇರೆ ಯಾರೂ ಇಲ್ಲ."

"ಯಾರೂ ಇಲ್ಲ," ಎಂದಳು. ಪೈಪಿನ ನೀರು ಒಂದೇ ಕುಂಡಕ್ಕೆ ಬಿದ್ದು ತುಂಬಿ ಹರಿಯುತ್ತಿತ್ತು.

"ನಾನು ಬರ್ತೀನಿ. ಪುಟ್ಟಿನ ಬಿಡೋಕೆ ಹೇಗೂ ಹೋಗಬೇಕು. ಸಂಜೆ ಕರ್ಕೊಂಡೂ ಬರ್ತೀನಿ." ಸಸಿ ತೋಟ ನಮ್ಮ ದಾರಿಯಲ್ಲಿಲ್ಲ. ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಗಂಡ ಹೆಂಡತಿ ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ನಾನು ಅಕ್ಕನ ಮುಖ ನೋಡಿದೆ. "ಒಪ್ಪಿಕೊಂಡ್ರು ಅನ್ಸುತ್ತೆ," ಎಂದು ಪಿಸುಗುಟ್ಟಿದರು. ಹೆಂಡತಿ ನಮ್ಮ ಕಡೆ ತಿರುಗಿ, "ನೋಡೋಣ," ಎಂದಳು.

ಮರುದಿನ ಬೆಳಿಗ್ಗೆ ಗುಂಡನನ್ನು ಅವರಪ್ಪನ ಕೈಗೆ ಕೊಟ್ಟು, ಪುಟ್ಟಿಯ ಜಡೆಯನ್ನು ಅವಸರದಲ್ಲಿ ಬಿಗಿದು, ಸಸಿ ತೋಟದ ಗೇಟಿನ ಹತ್ತಿರ ಹೋಗಿ ನಿಂತೆ. ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು, ಯಾರೂ ಕಾಣುತ್ತಿರಲಿಲ್ಲ. ಕೂಗಿದೆ. ಲಾರಿಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ದೂರದಲ್ಲಿ ಶಾಲೆಯ ಮೊದಲ ಗಂಟೆ ಹೊಡೆಯಿತು. ಈಗ ಹೊರಟರೆ ಪುಟ್ಟಿಯಾದರೂ ಹೊತ್ತಿಗೆ ಸರಿಯಾಗಿ ಬೆಂಚಿನ ಮೇಲಿರುತ್ತಾಳೆ. ಆದರೆ ಒಂಬತ್ತೇ ತಲೆಯಾದರೆ ಉಳಿಯುವುದು ಬಸ್ಸಿನ ದಾರಿಯೇ. ನಿಂತರೆ ಇವಳೂ ತಪ್ಪಿ ಎಂಟಾದರೂ ಆದೀತು. ಹೊರಡಲೆಂದು ಪುಟ್ಟಿಯ ಕೈ ಎಳೆದೆ.

"ಬರ್ತಾಳಮ್ಮ," ಎಂದಳು ಪುಟ್ಟಿ. "ನನಗೆ ಕಪ್ಪೆ ತೋರಿಸ್ತೀನಿ ಅಂದಿದಾಳೆ." ಕಾಲೂರಿ ನಿಂತಳು. ಎತ್ತಿಕೊಂಡು ಹೋಗಲು ಅವಳೇನು ಗುಂಡನೇ? ನಾನೂ ನಿಂತೆ.

ನೆರಳುಬಲೆಯ ಪರದೆ ಸರಿಯಿತು. ಅಮ್ಮ ಒದ್ದೆ ಕೈಯಲ್ಲೇ ಮಗಳ ತಲೆ ಸವರುತ್ತ ಬಂದಳು. ಮಗಳು ತೊಟ್ಟದ್ದು ಅದೇ ಹಳದಿ ಫ್ರಾಕು. ಮಾಸದೆ ಉಳಿದಿದ್ದ ಆ ಚೌಕದ ಮೇಲೆ ಹೊಸದೊಂದು ಜೇಬು, ನೆರಳುಬಲೆಯದೇ ಹಸಿರು ತುಂಡು, ಒತ್ತೊತ್ತಾಗಿ ಹೊಲಿದದ್ದು. ಒಳಗಿದ್ದ ಪೆನ್ಸಿಲು ಬಲೆಯ ಕಣ್ಣುಗಳಿಂದ ಕಾಣುತ್ತಿತ್ತು.

"ಜೇಬಿಲ್ಲದೆ ಹೋಗಲ್ಲ ಅಂತ ಹಟ. ತಡ ಆಯ್ತು," ಎಂದಳು ಅಮ್ಮ.

ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದು ರಸ್ತೆ ದಾಟಿ ಓಡಿದೆ. ಒಂದನೇ ತರಗತಿಯ ಬಾಗಿಲಲ್ಲಿ ಅಕ್ಕ ಒಳಗೂ ಹೊರಗೂ ಅಲ್ಲದೆ ಅಡ್ಡ ನಿಂತಿದ್ದರು. ಒಳಗೆ ಕಚೇರಿಯಿಂದ ಬಂದ ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

"ಎಂಟು," ಎಂದರು ಅವರು. "ನೀವು ಹತ್ತು ಅಂದಿದ್ರಿ."

"ಇನ್ನೂ ಎರಡು ದಾರೀಲಿದೆ ಸಾರ್."

"ದಾರೀಲಿರೋದನ್ನ ನಾನು ಹೇಗಮ್ಮ ಎಣಿಸ್ಲಿ?"

ಅಕ್ಕನ ಮೊಣಕೈ ಕೆಳಗಿನಿಂದ ಪುಟ್ಟಿ ನುಸುಳಿದಳು. ಅವಳ ಹಿಂದೆ ಹಳದಿ ಫ್ರಾಕು. ಅಕ್ಕ ಆ ಫ್ರಾಕನ್ನು ನೋಡಿದರು. ತಾರಸಿಯ ತಂತಿಯ ಮೇಲೆ ಬರಿದಾಗಿ ಹಾರಾಡುತ್ತಿದ್ದದ್ದು ಈಗ ಕೈಕಾಲು ಬಂದು, ಏದುಸಿರು ಬಿಡುತ್ತ ಅವರ ಮುಂದೆ ನಿಂತಿತ್ತು.

"ಮಹಾರಾಣಿ!" ಎಂದುಬಿಟ್ಟರು.

ಅಧಿಕಾರಿ ಪೆನ್ನು ಮತ್ತೆ ತೆರೆದು ಬರೆಯಲು ಹೊರಟರು. "ಮ… ಹಾ…"

"ಅಯ್ಯೋ, ಹೆಸರು ಅದಲ್ಲ ಸಾರ್! ನಿಲ್ಲಿ, ಕೇಳ್ತೀನಿ," ಎಂದು ಅಕ್ಕ ಬಗ್ಗಿ, ಹಿಂದಿನ ದಿನ ನಗಿಸಿದ್ದ ಭಾಷೆ ಯಾವುದೆಂದು ನೆನಪಾಗದೆ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ಬೆಂಚಿನ ಮೇಲಿದ್ದ ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಅಧಿಕಾರಿ ನಗುತ್ತಲೇ ಮತ್ತೊಮ್ಮೆ ತಲೆ ಎಣಿಸಿದರು. ಈ ಸಲ ಜೋರಾಗಿ ಎಣಿಸಿದರು, ಮಕ್ಕಳೂ ಜೊತೆಗೆ ಕೂಗಿದರು. ಹತ್ತಕ್ಕೆ ಬಂದು ನಿಂತಿತು.

ಈಗ ನಲ್ಲಿಗಳ ಮುಂದೆ ನಮ್ಮ ಹತ್ತು ಮಕ್ಕಳದ್ದೂ ಒಂದು ಸಾಲಿದೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ತೊಳೆದು ಮುಗಿಸುತ್ತಾರೆ. ಪುಟ್ಟಿಯ ಹಲ್ಲೂ ಬಿತ್ತು, ಕಪ್ಪೆಯನ್ನೂ ನೋಡಿ ಆಯಿತು. ಸಸಿ ತೋಟದ ದಂಪತಿ ಎಷ್ಟು ದಿನ ಇರುತ್ತಾರೆ ಎನ್ನುವುದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಸಂಜೆ ಮಗಳನ್ನು ಬಿಡಲು ಹೋದಾಗ ಆಕೆ ನನಗೆ ಕೆಲವು ಸಲ ಚಹಾ ಕೊಡುತ್ತಾಳೆ. ಹೊರಡುವ ಮಾತನ್ನು ನಾನು ಎತ್ತುವುದಿಲ್ಲ.

ದಾಖಲಾತಿ ಅಕ್ಕ ಮಾತ್ರ ಹೂಗಿಡದ ಹುಚ್ಚು ಹತ್ತಿಸಿಕೊಂಡಿದ್ದಾರೆ. ಜನ್ಮದಲ್ಲಿ ಒಂದು ಗಿಡಕ್ಕೆ ನೀರು ಹಾಕಿದವರಲ್ಲ. ಈಗ ವಾರಕ್ಕೊಂದು ಕುಂಡ ಕೊಂಡು ತಂದು ಶಾಲೆಯ ಮೆಟ್ಟಿಲ ಮೇಲೆ ಇಡುತ್ತಾರೆ. ಮೊನ್ನೆ ಅವರು ಒಂದೇ ಒಂದು ಪುಟ್ಟ ಸಸಿಯನ್ನು ಎದೆಗೊತ್ತಿಕೊಂಡು ಬಿಸಿಲಲ್ಲಿ ಬರುವುದನ್ನು ನೋಡಿ ಮರುಗಿದೆ.

"ಅಕ್ಕಾ, ಒಂದೇ ಸಲ ನಾಲ್ಕು ತಗೊಂಡ್ರೆ ಅವರೇ ತಂದು ಕೊಡ್ತಾರಂತೆ."

"ನಾಲ್ಕೂ ಒಟ್ಟಿಗೆ ತಗೊಂಡ್ರೆ, ಮತ್ತೆ ಮೂರು ವಾರ ಒಳಗೆ ಹೋಗೋಕೆ ನೆಪ ಎಲ್ಲಿಂದ ತರಲಿ?" ಎಂದರು. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, "ಎರಡೂ ಒಳಚಡ್ಡಿ ಅಲ್ಲೇ ನೇತಾಡ್ತಿದೆ. ಈ ವಾರ ಅವರು ಎಲ್ಲೂ ಹೋಗಲ್ಲ," ಎಂದರು.